ಬಳಪದ ಕಲ್ಲಿನ ಹಸಿರು ಬಿಲ್ಲೆ

೧೫ ಜೂನ್ ೧೯೮೫, ಶನಿವಾರ. ಅರಸೀಕೆರೆ

ಇವತ್ತು ನನ್ನನ್ನು ಲ್ಯಾಬಿನಿಂದ ಹೊರಗೆ ಹಾಕಿದರು. ಕಾರಣ ಮೀನು.

ಹತ್ತು ವರ್ಷದಿಂದ ಈ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಮೀನನ್ನು ಹತ್ತಿರದಿಂದ ಕಂಡವನೇ ಅಲ್ಲ. ನಾನು ತೆಗೆದದ್ದು ಅನಿಲಿನ್ ಎಂಬ ಎಣ್ಣೆಯ ಬಾಟಲಿಯ ಬಿರಡೆ. ಅದರ ವಾಸನೆ ಕೊಳೆತ ಮೀನಿನಂತೆ ಎಂದು ಪುಸ್ತಕದಲ್ಲಿದೆ. ಹೋಲಿಸಿ ನೋಡುವ ಯೋಗ ನನಗೆ ಬಂದಿಲ್ಲ. ಪ್ರಿನ್ಸಿಪಾಲ್ ಉಗ್ರಪ್ಪನವರು ಮೂಗಿಗೆ ಕರ್ಚೀಫು ಒತ್ತಿಕೊಂಡು ಓಡಿಬಂದು, ಮಠದವರು ನಡೆಸುವ ಕಾಲೇಜಿನಲ್ಲಿ ಒಣಮೀನು ಸುಟ್ಟವರು ಯಾರು ಎಂದು ಅಟೆಂಡರಿಂದ ಶುರುಮಾಡಿ ನನ್ನವರೆಗೆ ವಿಚಾರಣೆ ನಡೆಸಿದರು. ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ಇಂದುಧರನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಒಣಮೀನಿನ ವಾಸನೆ ತಮಗೆ ಹೇಗೆ ಪರಿಚಯ ಸರ್?" ಎಂದು ಕೇಳಿಬಿಟ್ಟೆ.

ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕೆಂದರು. ಮಧ್ಯಾಹ್ನದೊಳಗೆ ಲ್ಯಾಬಿನ ಬೀಗದ ಕೈ ನನ್ನಿಂದ ಹೋಯಿತು. ಬೆಳಗಿನ ಕ್ಲಾಸು ಮುಗಿಸಿ ಹೊರಡತಕ್ಕದ್ದು, ಸಂಶೋಧನೆ ಬೇಕಾದರೆ ಸ್ವಂತ ಸ್ಥಳದಲ್ಲಿ ಮಾಡಿಕೊಳ್ಳತಕ್ಕದ್ದು ಎಂದು ಆಜ್ಞೆ.

ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಈಗ ಹರಿಯುವ ಪ್ಲಾಸ್ಟಿಕ್ಕನ್ನು ಹೊರದೇಶದಲ್ಲಿ ಮಾಡಿದ್ದಾರೆ. ಆದರೆ ಅದು ಮುಟ್ಟಿದರೆ ಉದುರುತ್ತದೆ, ಯಾವ ಕೆಲಸಕ್ಕೂ ಒದಗುವುದಿಲ್ಲ. ನನ್ನ ಯೋಚನೆ ಏನೆಂದರೆ, ಅದನ್ನು ಬಳಪದ ಕಲ್ಲಿನ ಪದರಗಳ ನಡುವೆ ಬೆಳೆಸಬೇಕು. ಅರ್ಧ ಕಲ್ಲು, ಅರ್ಧ ಪ್ಲಾಸ್ಟಿಕ್ಕು. ಕಲ್ಲಿನ ಗಟ್ಟಿತನ, ತಂತಿಯ ಗುಣ. ಬೆಂಗಳೂರಿನ ನನ್ನ ಪ್ರೊಫೆಸರು ಅಕ್ಟೋಬರ್ ಕೊನೆಯವರೆಗೆ ಟೈಮು ಕೊಟ್ಟಿದ್ದಾರೆ. ಅಷ್ಟರೊಳಗೆ ಒಂದು ಬಲ್ಬು ಹತ್ತಿಸಿ ತೋರಿಸಿದರೆ ಪಿಎಚ್‌ಡಿ. ಇಲ್ಲದಿದ್ದರೆ ರಿಜಿಸ್ಟ್ರೇಷನ್ ರದ್ದು, ರಿಟೈರ್ ಆಗುವವರೆಗೆ ಉಗ್ರಪ್ಪನವರ ಕೈಕೆಳಗೆ.

೨೩ ಜೂನ್, ಭಾನುವಾರ. ಹಳೇಬೀಡು

ಸ್ಥಳ ಸಿಕ್ಕಿತು. ಬಸದಿ ಬೀದಿಯ ಶೀಲಾವತಮ್ಮನವರ ಹಿತ್ತಲಲ್ಲಿ ಒಂದು ಕೊಬ್ಬರಿ ಕೊಠಡಿ. ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಕೊಬ್ಬರಿ ವ್ಯಾಪಾರವನ್ನು ತಾವೇ ನಡೆಸುತ್ತಾರೆ. ಮಂಡಿಯವರು ಇವರ ಮುಂದೆ ದನಿ ತಗ್ಗಿಸಿ ಮಾತಾಡುವುದನ್ನು ನೋಡಿದೆ. ಇಲ್ಲಿ ವಿಗ್ರಹ ಕೆತ್ತುವವರ ಅಂಗಳದಲ್ಲಿ ಬಳಪದ ಕಲ್ಲಿನ ಪುಡಿ ಗುಡ್ಡೆ ಬಿದ್ದಿರುತ್ತದೆ, ಬೇಕಾದಷ್ಟು ತುಂಬಿಕೊಳ್ಳಿ ಎನ್ನುತ್ತಾರೆ.

ಅನಿಲಿನ್ ಬಾಟಲಿ ತೆರೆದು ತೋರಿಸಿದೆ, ಆಮೇಲೆ ತಕರಾರು ಬೇಡವೆಂದು. ಅವರು ಮೂಸಿ, ಔಷಧಿ ಘಾಟು ಅಂದರು, ಅಷ್ಟೆ. ಅವರ ಮನೆತನದಲ್ಲಿ ತಲೆತಲಾಂತರದಿಂದ ಯಾರೂ ಮೀನು ಮೂಸಿದವರಿಲ್ಲ. ಇಂಥ ಶುದ್ಧ ಮೂಗು ಅರಸೀಕೆರೆಯಲ್ಲಿ ಎಲ್ಲಿ ಸಿಗಬೇಕು.

ಆದರೆ ಷರತ್ತುಗಳಿವೆ. ಅವರು ಜೈನರು, ಮೇಲಾಗಿ ವ್ರತ ಹಿಡಿದವರು. ಕೊಠಡಿಯೊಳಗೆ ಯಾವ ಜೀವವೂ ಸಾಯಬಾರದು. ಹೊತ್ತು ಮುಳುಗಿದ ಮೇಲೆ ಸ್ಟೌವು, ದೀಪ ಹಚ್ಚಬಾರದು, ಹುಳ ಬಂದು ಬೀಳುತ್ತವೆ. ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆ ತರಬಾರದು. ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು. ಬಟ್ಟೆಯಲ್ಲಿ ಉಳಿದದ್ದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವಾದ್ದರಿಂದ ಅದನ್ನು ಜೋಪಾನವಾಗಿ ಅದೇ ಬಾವಿಗೆ ಇಳಿಸಬೇಕು.

ನಾನು ವಿಚಾರವಾದಿ. ಲಿಂಗಪೂಜೆಯನ್ನೂ ಅವ್ವ ಇದ್ದಾಗ ಮಾತ್ರ ಮಾಡುತ್ತೇನೆ. ಒಳಗೊಳಗೇ ನಕ್ಕು, ಆಗಲಿ ಅಂದೆ.

೩೦ ಜೂನ್

ಸಾಮಾನು ಸಾಗಿಸಿದೆ. ಬಸ್ಸಿನಲ್ಲಿ ಅನಿಲಿನ್ ಬಾಟಲಿಯ ಬಿರಡೆ ಸ್ವಲ್ಪ ಸಡಿಲವಾಯಿತು. ಹಾರನಹಳ್ಳಿ ಬರುವ ಹೊತ್ತಿಗೆ ಇಡೀ ಬಸ್ಸು ಮೂಗು ಮುಚ್ಚಿಕೊಂಡು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿತ್ತು. ಕಡೆಗೆ ಎಲ್ಲರೂ ಸೇರಿ ಹುಣಸೆಹಣ್ಣಿನ ಕುಕ್ಕೆ ಇಟ್ಟುಕೊಂಡಿದ್ದ ಒಬ್ಬ ಮುದುಕಿಯನ್ನು ಹಿಡಿದು, ಕುಕ್ಕೆಯ ತಳ ತೋರಿಸು ಅಂದರು. ಆಕೆ ಹುಣಸೆಹಣ್ಣನ್ನೆಲ್ಲ ಸೀಟಿನ ಮೇಲೆ ಸುರಿದು ತೋರಿಸಿದಳು. ನಾನು ಕಿಟಕಿಯಾಚೆ ಪ್ರಕೃತಿ ವೀಕ್ಷಣೆಯಲ್ಲಿ ತೊಡಗಿದ್ದೆ. ವಿಜ್ಞಾನಕ್ಕೆ ಯಾರಾದರೂ ಕಷ್ಟಪಡಲೇಬೇಕು.

೧೪ ಜುಲೈ, ಭಾನುವಾರ

ಆಸಿಡ್ಡಿನಲ್ಲಿ ಅನಿಲಿನ್ ಕರಗಿಸಿ, ಕಲ್ಲಿನ ಪುಡಿ ಕದಡಿ, ಅದಕ್ಕೆ ಲ್ಯಾಬಿನ ಉಪ್ಪೊಂದರ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ತಾನಾಗಿಯೇ ನೀಲಿಯಾಯಿತು, ನೋಡನೋಡುತ್ತ ಕಡುಹಸಿರಾಗಿ ರಾಗಿ ಅಂಬಲಿಯಂತೆ ಗಟ್ಟಿಯಾಯಿತು. ಬಾಗಿಲಲ್ಲಿ ನಿಂತಿದ್ದ ಶೀಲಾವತಮ್ಮನವರು, ನೀವು ಬಣ್ಣ ಹಾಕಲಿಲ್ಲವಲ್ಲ, ಅದು ಹೇಗೆ ತಿರುಗಿತು ಅಂದರು. ತಾನಾಗಿ ಬೆಳೆಯುತ್ತಿದೆ ಎಂದು ಬಾಯಿತಪ್ಪಿ ಅಂದುಬಿಟ್ಟೆ. ಆ ಮಾತನ್ನು ನಾನು ಆಡಬಾರದಾಗಿತ್ತು.

ಅವರ ಬಟ್ಟೆಯಲ್ಲೇ ಸೋಸಿದೆ. ಹಸಿರು ಹಿಟ್ಟು ಬಟ್ಟೆಯಲ್ಲಿ ನಿಂತಿತು. ನನ್ನ ಐದು ವರ್ಷದ ದುಡಿಮೆ. ತಿರುಗಿ ನೋಡಿದರೆ ಅವರು ಹಗ್ಗ ಕಟ್ಟಿದ ಚೊಂಬು ಹಿಡಿದು ನಿಂತಿದ್ದಾರೆ.

"ಬಟ್ಟೇಲಿ ಉಳಿದಿದ್ದು ಬಾವಿಗೆ ಹೋಗ್ಬೇಕಲ್ಲ ಮೇಷ್ಟ್ರೇ."

ಇದು ಬೇರೆ, ಇದರಲ್ಲಿ ಜೀವ ಇಲ್ಲ ಎಂದೆ. ಇಲ್ಲ ಅಂತ ನೋಡಿದ್ದೀರಾ ಎಂದು ಕೇಳಿದರು. ನೋಡಿರಲಿಲ್ಲ. ಪರೀಕ್ಷೆ ಮಾಡದೆ ಇಲ್ಲವೆನ್ನುವುದು ವಿಜ್ಞಾನದ ರೀತಿಯಲ್ಲ ಎಂದು ನಾನೇ ಕ್ಲಾಸಿನಲ್ಲಿ ಹೇಳುತ್ತೇನೆ. ಮಧ್ಯಾಹ್ನವಿಡೀ ವಾದ ನಡೆಯಿತು. ಕಡೆಗೆ ರಾಜಿ ಆಯಿತು: ಅರ್ಧ ಬಾವಿಗೆ, ಅರ್ಧ ನನಗೆ. ತೆಂಗಿಗೆ ಬಿಡುವ ನೀರಿನ ಬಾವಿ, ಕುಡಿಯುವವರಿಲ್ಲ. ಅರ್ಧ ಪಿಎಚ್‌ಡಿ ಚೊಂಬಿನಲ್ಲಿ ಕೂತು ಮೆಲ್ಲಗೆ ಕೆಳಗಿಳಿಯುವುದನ್ನು ಬಗ್ಗಿ ನೋಡಿದೆ. ನನ್ನ ಅರ್ಧದ ಬಗ್ಗೆ ಧರಣಪ್ಪ ಎಂಬ ಹಿರಿಯರು ತೀರ್ಮಾನ ಹೇಳಬೇಕಂತೆ.

೨೧ ಜುಲೈ, ಭಾನುವಾರ

ಧರಣಪ್ಪನವರು ಬೇಲೂರು ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಬಸದಿಯಲ್ಲಿ ಶಾಸ್ತ್ರ ಓದುವ ಹಿರಿಯರು. ಇನ್ನಿಬ್ಬರನ್ನು ಕರೆದುಕೊಂಡು ಬಂದು, ಕೊಠಡಿಯಲ್ಲಿ ಚಾಪೆಯ ಮೇಲೆ ಕೂತು ವಿಚಾರಣೆ ಮಾಡಿದರು. ನನ್ನ ಪಿಎಚ್‌ಡಿ ಸಮಿತಿಯವರು ಇದುವರೆಗೆ ಇಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ.

ಕಲ್ಲು ಭೂಮಿಯಲ್ಲಿದ್ದಾಗ ಜೀವವುಳ್ಳದ್ದು, ಕಿತ್ತು ಒಣಗಿದ ಮೇಲೆ ನಿರ್ಜೀವ. ಇದರಲ್ಲಿ ಅನುಮಾನವಿಲ್ಲ ಎಂದರು. ಅನಿಲಿನ್ ಎಣ್ಣೆ ಕಲ್ಲಿದ್ದಲಿನಿಂದ ತೆಗೆದದ್ದು, ಅದೂ ನಿರ್ಜೀವ. ಎರಡೂ ನಿರ್ಜೀವವಾದರೆ ತೊಂದರೆ ಏನು ಎಂದೆ. ತೊಂದರೆ ಕರೆಂಟಿನದು. ಬೆಂಕಿಯಲ್ಲಿ ಜೀವವಿದೆ ಎನ್ನುತ್ತದೆ ಶಾಸ್ತ್ರ. ಕರೆಂಟು ಬೆಂಕಿಯ ಜಾತಿಯೋ ಅಲ್ಲವೋ ಎಂದು ದೊಡ್ಡ ದೊಡ್ಡ ಮುನಿಗಳ ನಡುವೆಯೇ ಚರ್ಚೆ ನಡೆಯುತ್ತಿದೆ. ಮನೆಯಲ್ಲಿ ಬಲ್ಬು ಇದೆಯಲ್ಲ ಅಂದೆ. ಅದರ ಕರೆಂಟು ಸರ್ಕಾರ ಮಾಡಿದ್ದು, ಪಾಪ ಸರ್ಕಾರಕ್ಕೆ ಎಂದರು ಶೀಲಾವತಮ್ಮ. ಮತ್ತೆ ತಂತಿ ಬರೀ ದಾರಿ, ಯಾರೂ ಅದನ್ನು ಬೆಳೆಸಿದ್ದಲ್ಲ. ಇದಾದರೋ ತಾನಾಗಿ ಬಣ್ಣ ತಿರುಗಿ, ಇದೇ ಕೊಠಡಿಯಲ್ಲಿ, ಮೇಷ್ಟ್ರ ಬಾಯಿಂದಲೇ ಬಂದಂತೆ, ಬೆಳೆದದ್ದು ಎಂದೂ ಸೇರಿಸಿದರು.

"ಬಲ್ಬು ಹತ್ತಿದ್ರೆ ಅದ್ರಲ್ಲಿ ಜೀವ ಐತೆ ಅಂತ್ಲೇ ಲೆಕ್ಕ. ಅಂಥದ್ದನ್ನ ವ್ರತ ಹಿಡಿದೋರ ಮನೇಲಿ ಹುಟ್ಟಿಸ್ಬಾರ್ದು, ನೀವು ಬೇರೆ ಜಾಗ ನೋಡ್ಕೋಬೇಕು. ಹತ್ತಲಿಲ್ಲ ಅಂದ್ರೆ ಬರೀ ಕಲ್ಲು, ಆರಾಮಾಗಿ ಇರಿ ಮೇಷ್ಟ್ರೇ" ಎಂದು ಧರಣಪ್ಪನವರು ತೀರ್ಪು ಕೊಟ್ಟರು. ಭಾದ್ರಪದದಲ್ಲಿ ಜೈನರು ಹತ್ತು ದಿನ ಆಚರಿಸುವ ದಶಲಕ್ಷಣ ಪರ್ವಕ್ಕೆ ಮುಂಚೆ ಅವರೆದುರು ಪರೀಕ್ಷೆ ಆಗಬೇಕು.

ಅಲ್ಲಿಗೆ ನನ್ನ ಸ್ಥಿತಿ ಹೀಗಿದೆ. ಪ್ರೊಫೆಸರಿಗೆ ಹತ್ತಬೇಕು, ಧರಣಪ್ಪನವರಿಗೆ ಹತ್ತಬಾರದು. ಹಸಿರು ಹಿಟ್ಟು ಒಂದೇ.

೪ ಆಗಸ್ಟ್, ಭಾನುವಾರ

ಪುಡಿಯನ್ನು ಒತ್ತಿ ಗಟ್ಟಿ ಮಾಡುವ ಯಂತ್ರ ಕಾಲೇಜಿನಲ್ಲಿ ಉಳಿಯಿತು. ಶೀಲಾವತಮ್ಮನವರ ಶ್ಯಾವಿಗೆ ಒರಳಿಗೆ ತೂತಿಲ್ಲದ ಅಚ್ಚು ಕೂರಿಸಿ, ತಿರುಪು ಬಿಗಿದು ಒತ್ತಿದೆ. ನಾಲ್ಕಾಣೆಯಷ್ಟು ಅಗಲದ ಹಸಿರು ಬಿಲ್ಲೆ ಬಂತು. ಆಚೀಚೆ ತಾಮ್ರದ ತಗಡು ಇಟ್ಟು, ಎರಡು ಸೆಲ್ಲು, ಟಾರ್ಚಿನ ಬಲ್ಬು ಸೇರಿಸಿದೆ.

ಹತ್ತಿತು.

ಉಗ್ರಪ್ಪನವರೇ, ಹತ್ತಿತು.

ಕುಣಿಯಬೇಕೆನಿಸಿತು. ಕುಣಿದೆ ಕೂಡ, ಸದ್ದಾಗದಂತೆ. ಹತ್ತಿತೆಂದು ಗೊತ್ತಾದರೆ ನಾಳೆಯೇ ಗಂಟುಮೂಟೆ ಕಟ್ಟಬೇಕು. ಏನಾಯಿತು ಎಂದು ಶೀಲಾವತಮ್ಮನವರು ಕೇಳಿದ್ದಕ್ಕೆ, ಕಾಲು ಜೋಮು ಹಿಡಿದಿತ್ತು ಅಂದೆ.

೧೮ ಆಗಸ್ಟ್

ಆಸಿಡ್ ಬಾಟಲಿಯ ಸುತ್ತ ಇರುವೆಗಳು ಸತ್ತುಬಿದ್ದಿದ್ದವು. ಶೀಲಾವತಮ್ಮನವರು ಬೈಯಲಿಲ್ಲ. ಇವತ್ತು ನನಗೆ ಉಪವಾಸ ಅಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ನನಗೂ ಊಟ ಸೇರಲಿಲ್ಲ. ಬೆಳಗಿನ ಉಪ್ಪಿಟ್ಟು ಜೀರ್ಣವಾಗಿರಲಿಲ್ಲವೆಂದು ಕಾಣುತ್ತದೆ.

೧೯ ಆಗಸ್ಟ್, ಸೋಮವಾರ

ಆಸಿಡ್ ಬಾಟಲಿಯನ್ನು ಕಾಲೇಜಿಗೆ ಹಿಂತಿರುಗಿಸಿದೆ. ಉಗ್ರಪ್ಪನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿದರು. ಇನ್ನು ಹೊಸ ಬಿಲ್ಲೆ ಮಾಡುವಂತಿಲ್ಲ. ಇರುವುದೊಂದೇ.

೧ ಸೆಪ್ಟೆಂಬರ್

ಈಚೆಗೆ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುತ್ತೇನೆ. ಭಕ್ತಿಯಲ್ಲ, ದೀಪ ಹಚ್ಚಿದರೆ ಹುಳಗಳು ತಟ್ಟೆಗೆ ಬೀಳುತ್ತವೆ, ಆರಿಸುವುದು ರಗಳೆ. ಬಾಗಿಲಲ್ಲಿ ಇರುವೆ ಸಾಲು ಇರುವುದರಿಂದ ಕಿಟಕಿಯಿಂದ ಓಡಾಡುತ್ತಿದ್ದೇನೆ. ಬಳಸಿ ಹೋಗುವುದಕ್ಕಿಂತ ಅದು ಹತ್ತಿರ.

ಬಿಲ್ಲೆಗೆ ಥಂಡಿ ಆಗದಂತೆ ಹತ್ತಿ ಸುತ್ತಿಟ್ಟೆ. ತೇವ ತಗುಲಿದರೆ ರೀಡಿಂಗು ಕೆಡುತ್ತದೆ.

೧೫ ಸೆಪ್ಟೆಂಬರ್, ಭಾನುವಾರ

ಪರೀಕ್ಷೆ ಮುಗಿಯಿತು.

ಬರೀ ಬಳಪದ ಕಲ್ಲಿನ ಬಿಲ್ಲೆಯೊಂದನ್ನು ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಸಮಯ ನೋಡಿ ಅದನ್ನೇ ತಗಡಿನ ನಡುವೆ ಇಡುವುದು, ಬಲ್ಬು ಹತ್ತದು, ಕೊಠಡಿ ಉಳಿಯುತ್ತದೆ. ಆದರೆ ಧರಣಪ್ಪನವರು ಬಂದು ಕೂತ ಕೂಡಲೇ ಶೀಲಾವತಮ್ಮನವರು ನಿಜವಾದ ಬಿಲ್ಲೆಯನ್ನು ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಎರಡು ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು. ಜೇಬಿನ ಕೈ ಜೇಬಿನಲ್ಲೇ ಉಳಿಯಿತು. ಆದದ್ದಾಗಲಿ ಎಂದು ತಂತಿ ಮುಟ್ಟಿಸಿದೆ.

ಬಲ್ಬು ಹತ್ತಲಿಲ್ಲ.

ಸೆಲ್ಲು ಬದಲಿಸಿದೆ. ತಗಡು ಉಜ್ಜಿದೆ. ಬಲ್ಬನ್ನು ನೇರವಾಗಿ ಸೆಲ್ಲಿಗೆ ಮುಟ್ಟಿಸಿದರೆ ಉರಿಯುತ್ತದೆ, ಬಿಲ್ಲೆಯ ಮೂಲಕ ಇಲ್ಲ. ಧರಣಪ್ಪನವರ ಮುಖ ಅರಳಿತು. ಎದ್ದು ಬಂದು ನನ್ನ ಕೈ ಹಿಡಿದು, ಬಹಳ ಸಂತೋಷ ಮೇಷ್ಟ್ರೇ, ಏನೂ ಇಲ್ಲ ಇದರಲ್ಲಿ ಅಂದರು. ಇನ್ನಿಬ್ಬರು ತೆಂಗಿನಕಾಯಿ ಬಾಳೆಹಣ್ಣು ತಂದೇ ಇಟ್ಟುಕೊಂಡಿದ್ದರು. ನನ್ನ ಕೊರಳಿಗೆ ಒಂದು ಹಾರವೂ ಬಿತ್ತು. ಪ್ರಯೋಗ ಕೆಟ್ಟದ್ದಕ್ಕೆ ಹಾರ ಹಾಕಿಸಿಕೊಂಡ ವಿಜ್ಞಾನಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಕೊಠಡಿ ಉಳಿಯಿತು, ಒಳಗೆ ಮಾಡುವ ಕೆಲಸ ಹೋಯಿತು.

ಎಲ್ಲರೂ ಹೋದ ಮೇಲೆ ಶೀಲಾವತಮ್ಮನವರು ತಟ್ಟೆಯ ಹತ್ತಿರ ಕೂತು ಬಿಲ್ಲೆಯನ್ನು ನೋಡುತ್ತಿದ್ದರು.

"ಮೊದ್ಲಿಂದ್ಲೂ ಕಲ್ಲೇ ಆಗಿತ್ತಾ ಮೇಷ್ಟ್ರೇ, ಇಲ್ಲಾ ತೀರ್ಕೊಂತಾ?"

ಮುಖ ತೊಳೆಯಲು ಬಾವಿಯ ಹತ್ತಿರ ಹೋದೆ. ಹಾರದ ಸೇವಂತಿಗೆ ನನಗೆ ಒಗ್ಗುವುದಿಲ್ಲ.

೧೭ ಸೆಪ್ಟೆಂಬರ್, ಮಂಗಳವಾರ

ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಸಿರಿಲ್ಲ, ಕಡುನೀಲಿ. ಯಾರು ಏನು ಮಾಡಿದರು ಎಂದು ಯೋಚಿಸುತ್ತಿದ್ದಾಗ ಶೀಲಾವತಮ್ಮನವರೇ ಹೇಳಿದರು. ನಾನು ಅರಸೀಕೆರೆಗೆ ಹೋದ ದಿನಗಳಲ್ಲೆಲ್ಲ ಹತ್ತಿಯೊಳಗೂ ಇಳಿದು ಬಿಲ್ಲೆಯ ಮೇಲೆ ಕೊಬ್ಬರಿ ಧೂಳು ಕೂರುತ್ತಿತ್ತಂತೆ. ಪಾಪ ಅಂತ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರಂತೆ. ಯಾವ ನೀರು ಎಂದು ಕೇಳಿದೆ. ಮನೆಯಲ್ಲಿ ಬಳಸುವ ನೀರೇ. ಸೋಸಿದ ಮೇಲೆ ಅದರಲ್ಲಿ ಮತ್ತೆ ಜೀವ ಹುಟ್ಟದಿರಲೆಂದು ಚಿಟಿಕೆ ಬೂದಿ ಹಾಕಿಡುತ್ತಾರೆ.

ಬೂದಿ ಎಂದರೆ ಕ್ಷಾರ. ಬಿಲ್ಲೆಯಲ್ಲಿ ಕರೆಂಟು ಹರಿಸುತ್ತಿದ್ದದ್ದು ಅದು ಹೀರಿಕೊಂಡಿದ್ದ ಆಸಿಡ್. ಒರೆಸಿ ಒರೆಸಿ ಅದಷ್ಟನ್ನೂ ತೆಗೆದಿದ್ದಾರೆ. ಐದು ವರ್ಷವನ್ನು ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದರು, ಅದೂ ಕರುಣೆಯಿಂದ. ಸಿಟ್ಟು ಬರಬೇಕಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು.

ಹೋದದ್ದು ಆಸಿಡ್ ಆದರೆ ಆಸಿಡ್ ಕೊಟ್ಟರೆ ಬರಬೇಕು. ಉಗ್ರಪ್ಪನವರ ಬೀರು ತೆರೆಯುವುದಿಲ್ಲ. ಬೇಲೂರಿಗೆ ಹೋಗಿ ನಿಂಬೆಹಣ್ಣು ತಂದೆ. ರಸವನ್ನು ಬಟ್ಟೆಗೆ ಹಿಂಡಿ ಬಿಲ್ಲೆಗೆ ಸುತ್ತಿಟ್ಟಿದ್ದೇನೆ.

೧೮ ಸೆಪ್ಟೆಂಬರ್

ಬೆಳಿಗ್ಗೆ ಬಟ್ಟೆ ಬಿಚ್ಚಿದೆ. ಹಸಿರಾಗಿತ್ತು. ತಂತಿ ಮುಟ್ಟಿಸಿದೆ. ಮೊದಲಿನಷ್ಟು ಅಲ್ಲ, ಮಂದವಾಗಿ, ಈಗಷ್ಟೇ ಕಣ್ಣು ಬಿಟ್ಟಂತೆ.

ಎದ್ದಿತು.

ಶೀಲಾವತಮ್ಮನವರಿಗೆ ಹೇಳಬೇಕು. ನಾಳೆಯಿಂದ ದಶಲಕ್ಷಣ ಪರ್ವ, ಉಪವಾಸದಲ್ಲಿರುತ್ತಾರೆ. ಅದು ಮುಗಿಯಲಿ.

೬ ಅಕ್ಟೋಬರ್

ಇನ್ನೂ ಹೇಳಿಲ್ಲ. ಕೊಬ್ಬರಿ ಹರಾಜಿನ ಗಡಿಬಿಡಿಯಲ್ಲಿದ್ದಾರೆ.

೨೦ ಅಕ್ಟೋಬರ್, ಭಾನುವಾರ

ಪ್ರೊಫೆಸರು ಬೆಂಗಳೂರಿನಿಂದ ಬಂದಿದ್ದರು. ಶೀಲಾವತಮ್ಮನವರು ಮಂಡಿಗೆ ಹೋದ ಸಮಯ ನೋಡಿ ಕೊಠಡಿಗೆ ಕರೆದುಕೊಂಡು ಬಂದೆ. ಕಿಟಕಿಯಿಂದ ಏಕೆ ಹತ್ತಬೇಕು ಎಂದು ಕೇಳಿದರು. ಹೇಳಿದೆ. ಮುಖ ನೋಡಿದರು, ಹತ್ತಿ ಬಂದರು.

ಬಲ್ಬು ಹತ್ತಿತು. ಪ್ರೊಫೆಸರು ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು. ಕಲ್ಲಿನಲ್ಲಿ ಕರೆಂಟು, ಅದೂ ನಿಂಬೆರಸದಲ್ಲಿ, ಇಂದುಧರ್, ಇದು ಬಹಳ ದೊಡ್ಡದು ಅಂದರು. ಐದು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ನಾನು ಅಳುವುದರಲ್ಲಿದ್ದೆ.

ಆಮೇಲೆ ಚೀಲದಿಂದ ಒಂದು ಸಣ್ಣ ಸೀಸೆ ತೆಗೆದರು.

"ಇದನ್ನ ಕುಟ್ಟಿ ಪುಡಿ ಮಾಡಿ ಇದಕ್ಕೆ ತುಂಬಿಕೊಡಿ. ಎಕ್ಸ್‌ರೇ ಮಾಡಿಸಿ, ಪದರದೊಳಗೆ ಏನಾಗಿದೆ ನೋಡಿ, ಸೈನ್ ಹಾಕ್ತೀನಿ."

ಕುಟ್ಟಾಣಿ ಮೇಜಿನ ಮೇಲೇ ಇತ್ತು. ಬಿಲ್ಲೆಯನ್ನು ಅದರೊಳಗೆ ಇಟ್ಟೆ. ತಂತಿ ಇನ್ನೂ ಬಿಚ್ಚಿರಲಿಲ್ಲ, ಬಲ್ಬು ಉರಿಯುತ್ತಲೇ ಇತ್ತು. ಬಿಲ್ಲೆಯನ್ನು ಎತ್ತಿ ಆಚೆಗೆ ಇಟ್ಟೆ. ಈಗ ಕುಟ್ಟುವುದು ಸೂಕ್ತವಲ್ಲ, ಮಾದರಿಯ ರಚನೆ ಹಾಳಾಗುತ್ತದೆ ಎಂದು ಹೇಳಿದೆ. ಹಾಗಾದರೆ ಇನ್ನೊಂದು ಮಾಡಿಕೊಡಿ ಎಂದರು. ಆಸಿಡ್ ಇಲ್ಲ ಎಂದೆ. ಬೆಂಗಳೂರಿನಿಂದ ಕಳಿಸುತ್ತೇನೆ ಎಂದರು. ಈ ಕೊಠಡಿಯಲ್ಲಿ ಇರುವೆಗಳಿವೆ ಎಂದೆ. ಅವರು ತಾಳ್ಮೆಯ ಮನುಷ್ಯ. ಹೋಗಲಿ, ಅಂಚಿನಲ್ಲಿ ಒಂದು ಚೂರು ಮುರಿದು ಕೊಡಿ, ಸಾಸಿವೆಯಷ್ಟು ಸಾಕು ಎಂದರು.

"ಆಗಲ್ಲ ಸರ್" ಅಂದೆ.

ಯಾಕೆ ಎಂದು ಕೇಳಿದರು. ನನಗೆ ಸರಿಯಾದ ವೈಜ್ಞಾನಿಕ ಕಾರಣ ಆ ಕ್ಷಣಕ್ಕೆ ಹೊಳೆಯಲಿಲ್ಲ. ಈಗಲೂ ಹುಡುಕುತ್ತಿದ್ದೇನೆ, ಇದ್ದೇ ಇರುತ್ತದೆ. ಮಾದರಿ ಇಲ್ಲದೆ ಸೈನ್ ಮಾಡಲಾರೆ, ರಿಜಿಸ್ಟ್ರೇಷನ್ ಹೋಗುತ್ತದೆ, ಗೊತ್ತಿದೆ ತಾನೇ ಎಂದು ಎರಡು ಸಲ ಕೇ‍ಳಿದರು. ಗೊತ್ತಿತ್ತು. ಖಾಲಿ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು ಕಿಟಕಿಯಿಂದಲೇ ಇಳಿದು ಹೋದರು. ಬಸ್ಸು ಹತ್ತಿಸಿ ಬಂದೆ. ನನ್ನ ಹೆಸರಿನ ಹಿಂದೆ ಇನ್ನು ಡಾಕ್ಟರ್ ಎಂದು ಬರುವುದಿಲ್ಲ. ತುಂಬ ದುಃಖವಾಯಿತು. ಬಂದು ಮೊದಲು ಬಿಲ್ಲೆಯ ಅಂಚು ಸರಿಯಾಗಿದೆಯೇ ಎಂದು ನೋಡಿದೆ.

೨೧ ಅಕ್ಟೋಬರ್, ಸೋಮವಾರ

ಕಾಲೇಜಿಗೆ ಹೋಗಲಿಲ್ಲ. ಪೆಟ್ಟಿಗೆ ಕಟ್ಟಿಟ್ಟು, ಶೀಲಾವತಮ್ಮನವರನ್ನು ಕೊಠಡಿಗೆ ಕರೆದು, ತಂತಿ ಮುಟ್ಟಿಸಿ ತೋರಿಸಿದೆ. ಬಲ್ಬು ಹತ್ತಿದ್ದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು. ತಿಂಗಳಿಂದ ಹೀಗೇ ಇದೆ, ನಾನು ಹೇಳದೆ ಮುಚ್ಚಿಟ್ಟೆ, ಧರಣಪ್ಪನವರ ತೀರ್ಪಿನಂತೆ ಈಗ ಹೊರಡುತ್ತೇನೆ ಅಂದೆ. ನಿನ್ನೆಯ ವಿಷಯವನ್ನೂ ಹೇಳಿದೆ. ಕುಟ್ಟಲು ಕೇಳಿದರು ಎಂದಾಗ ಅವರು ಬಿಲ್ಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಸೆರಗಿನ ಒಣ ತುದಿಯಿಂದ ಅದರ ಧೂಳು ಒರೆಸಿ, ಆಮೇಲೆ ಮಾತಾಡಿದರು.

"ಹುಟ್ಟಿಸ್ಬಾರ್ದು ಅಂದ್ರು ಧರಣಪ್ಪನೋರು. ಹುಟ್ಟಿದ್ದನ್ನ ಆಚೆಗೆ ಹಾಕಿ ಅಂದ್ರಾ?"

ಅಂದಿರಲಿಲ್ಲ. ಬೇರೆ ಜಾಗ ನೋಡಿಕೊಳ್ಳಿ ಅಂದದ್ದು ನನಗೆ ಮಾತ್ರ.

"ಇದು ಎಷ್ಟು ದಿನ ಬದುಕ್ತದೆ ಮೇಷ್ಟ್ರೇ?"

ಗೊತ್ತಿಲ್ಲ, ಇಂಥದ್ದು ಮೊದಲು ಇರಲೇ ಇಲ್ಲ, ಹಾಗಾಗಿ ಯಾರೂ ನೋಡಿಲ್ಲ ಅಂದೆ. ಅವರು ನನ್ನ ಪೆಟ್ಟಿಗೆಯ ಹಗ್ಗ ಬಿಚ್ಚಿ ಮೂಲೆಗೆ ಸರಿಸಿದರು. ಒಳಗೆ ಹೋಗಿ, ತಮ್ಮ ಯಜಮಾನರು ಕೂರುತ್ತಿದ್ದ ಕುರ್ಚಿಯನ್ನು ಎತ್ತಿ ತಂದು ಮೇಜಿನ ಪಕ್ಕ ಹಾಕಿದರು.

"ನೋಡೋಕೆ ಒಬ್ರು ಬೇಕಲ್ಲ" ಅಂದರು.

ಕೂತುಕೊಂಡೆ.